ಭಿನ್ನರಾಶಿ ಇರುವ ಅಸಮತೆಯ ಲೆಕ್ಕ ತಪ್ಪಿದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಅಸಮತೆಯ, ಅಂದರೆ ‘=’ ಬದಲು <, >, ≤, ≥ ಇರುವ ಲೆಕ್ಕ ಮುಗಿಸಿ ಉತ್ತರ ತಾಳೆ ನೋಡುತ್ತೀರಿ, ಹೊಂದುವುದಿಲ್ಲ. ಆಗ ಹೆಚ್ಚಿನವರು ಬರೆದದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಶುರುಮಾಡುತ್ತಾರೆ. ಎರಡನೇ ಸಲವೂ ಅದೇ ಕೈ, ಅದೇ ಅಭ್ಯಾಸ. ಹಾಗಾಗಿ ಅದೇ ಸಾಲಿನಲ್ಲಿ ಅದೇ ತಪ್ಪು ಮತ್ತೆ ನುಸುಳುತ್ತದೆ. ವರ್ಷಗಟ್ಟಲೆ ಈ ಲೆಕ್ಕಗಳನ್ನು ತಿದ್ದುತ್ತಾ ಬಂದಿರುವ ನನ್ನ ಮೊದಲ ಕೋರಿಕೆ ಇದು: ತಪ್ಪು ಉತ್ತರವನ್ನು ಅಳಿಸಬೇಡಿ. ಎಲ್ಲಿ ಎಡವಿದಿರಿ ಎಂಬ ಗುರುತು ಆ ಉತ್ತರದಲ್ಲೇ ಉಳಿದಿರುತ್ತದೆ, ಎಷ್ಟೋ ಸಲ ಅಂಕಿ ಸಮೇತ.

ಇಲ್ಲಿ ಅಜ್ಞಾತ ಸಂಖ್ಯೆಗೆ ‘ಯ’ ಎಂಬ ಅಕ್ಷರವನ್ನು ಬಳಸಿದ್ದೇನೆ. ನಮ್ಮ ಹಳೆಯ ಬೀಜಗಣಿತಕಾರರು ಅಜ್ಞಾತ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ಚುಟುಕಾಗಿ ‘ಯಾ’ ಎಂದು ಬರೆಯುತ್ತಿದ್ದರು. ನಿಮ್ಮ ಪುಸ್ತಕದಲ್ಲಿ ಬೇರೆ ಅಕ್ಷರವಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಕೈ ಹಾಕುವ ಮೊದಲು ಎಚ್ಚರಿಕೆ

ಛೇದದಲ್ಲಿ, ಅಂದರೆ ಅಡ್ಡಗೆರೆಯ ಕೆಳಗೆ, ಯ ಇದ್ದರೆ ಅಲ್ಲಿಗೇ ನಿಲ್ಲಿ. ಅದಕ್ಕೆ ಇಲ್ಲಿನ ಸಾಮಾನ್ಯ ಕ್ರಮ ಸಾಲದು. ಕೆಳಗೆ ಅದಕ್ಕೇ ಒಂದು ಭಾಗವಿದೆ, ನೇರವಾಗಿ ಅದನ್ನು ಓದಿ.

ಲೆಕ್ಕದ ನಡುವೆ ಭಿನ್ನರಾಶಿಯನ್ನು ದಶಮಾಂಶಕ್ಕೆ ತಿರುಗಿಸಿ ಅಂಕಿ ಕತ್ತರಿಸಬೇಡಿ. ಯ ≤ 5/3 ಎಂಬ ಉತ್ತರವನ್ನು ಯ ≤ 1.67 ಎಂದು ಬರೆದರೆ, ಸೇರಬಾರದ 1.669 ಒಳಗೆ ಬಂದುಬಿಡುತ್ತದೆ. ಸಮೀಕರಣದಲ್ಲಿ ಇದು ಸಣ್ಣ ವ್ಯತ್ಯಾಸವೆಂದು ಬಿಡಬಹುದು. ಅಸಮತೆಯಲ್ಲಿ ಗಡಿಯೇ ಉತ್ತರ, ಗಡಿ ಜರುಗಿದರೆ ಉತ್ತರವೇ ಬೇರೆ.

ಇನ್ನೊಂದು: ಸಾಲಿನಿಂದ ಸಾಲಿಗೆ ಇಳಿಯುವಾಗ ಕೈತಪ್ಪಿ ‘=’ ಬರೆಯುವ ಅಭ್ಯಾಸ. ಕೊನೆಯಲ್ಲಿ ನೆನಪಿನಿಂದ ಚಿಹ್ನೆ ಹಾಕಿದರಾಯಿತು ಎಂದುಕೊಂಡರೆ, ನಡುವೆ ಚಿಹ್ನೆ ತಿರುಗಬೇಕಾದ ಜಾಗ ಕಣ್ಣಿಗೇ ಬೀಳುವುದಿಲ್ಲ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ: ಪ್ರಶ್ನೆ ಸರಿಯಾಗಿ ಇಳಿದಿದೆಯೇ?

ಅರ್ಧ ನಿಮಿಷದ ಕೆಲಸ. ಪುಸ್ತಕದಲ್ಲಿ ಅಡ್ಡಗೆರೆ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಬೆರಳಿಟ್ಟು ನೋಡಿ. (2ಯ − 1)/3 ಬೇರೆ, 2ಯ − 1/3 ಬೇರೆ. ಯ = 2 ಎಂದುಕೊಂಡರೆ ಮೊದಲನೆಯದು 1, ಎರಡನೆಯದು 11/3. ಮೊಬೈಲ್‌ನಲ್ಲಿ ಟೈಪ್ ಮಾಡಿದಾಗ ಆವರಣ ಬಿಟ್ಟುಹೋಗಿ ಒಂದು ಇನ್ನೊಂದಾಗುವುದು ತೀರಾ ಸಾಮಾನ್ಯ. ಹಾಗೆಯೇ 2½ ಎಂಬ ಮಿಶ್ರ ಭಿನ್ನರಾಶಿಯನ್ನು 2 × ½ ಎಂದು ಓದಿಲ್ಲ ತಾನೇ? ಅದು 5/2.

ಎರಡನೇ ಪರೀಕ್ಷೆ: ಗಡಿ ಸಂಖ್ಯೆಯನ್ನು ಮೂಲ ಪ್ರಶ್ನೆಗೆ ಹಾಕಿ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಿಮ್ಮ ಉತ್ತರದಲ್ಲಿ ಬಂದ ಸಂಖ್ಯೆಯೇ ಗಡಿ. ಯ ≥ 14 ಎಂದು ಬಂದಿದ್ದರೆ 14 ಗಡಿ. ಅದನ್ನು ಮೂಲ ಪ್ರಶ್ನೆಯಲ್ಲಿ ಯ ಇರುವ ಕಡೆಯೆಲ್ಲ ಹಾಕಿ, ಎಡಭಾಗ ಮತ್ತು ಬಲಭಾಗಗಳನ್ನು ಬೇರೆ ಬೇರೆಯಾಗಿ ಲೆಕ್ಕ ಮಾಡಿ.

ಎರಡೂ ಸಮವಾಗಿ ಬಂದರೆ ಭಿನ್ನರಾಶಿಯ ಕೆಲಸವನ್ನೆಲ್ಲ ನೀವು ಸರಿಯಾಗಿಯೇ ಮಾಡಿದ್ದೀರಿ. ತಪ್ಪಿದ್ದರೆ ಅದು ಚಿಹ್ನೆಯಲ್ಲಿ ಮಾತ್ರ. ಸಮವಾಗಿ ಬರದಿದ್ದರೆ ಸದ್ಯಕ್ಕೆ ಚಿಹ್ನೆಯನ್ನು ಮರೆತುಬಿಡಿ, ಏಕೆಂದರೆ ತಪ್ಪು ಛೇದ ತೆಗೆಯುವಲ್ಲಿ ಅಥವಾ ಆವರಣ ಬಿಡಿಸುವಲ್ಲಿ ಇದೆ. ಹುಡುಕಬೇಕಾದ ಜಾಗ ಇಷ್ಟರಲ್ಲೇ ಅರ್ಧಕ್ಕೆ ಇಳಿಯಿತು.

ಲಕ್ಷಣ: ಗಡಿ ಹೊಂದುತ್ತದೆ, ಉತ್ತರ ಮಾತ್ರ ತಿರುವುಮುರುವು

(3 − ಯ)/4 < 2 ಎಂಬುದನ್ನು ನೋಡಿ. 4ರಿಂದ ಗುಣಿಸಿದರೆ 3 − ಯ < 8. ಮೂರನ್ನು ಆಚೆ ಕಳಿಸಿದರೆ −ಯ < 5. ಇಲ್ಲಿಂದ ‘ಯ < −5’ ಎಂದು ಬರೆದಿದ್ದೀರಿ ಎಂದುಕೊಳ್ಳೋಣ. ಗಡಿ ಪರೀಕ್ಷೆ: ಯ = −5 ಆದಾಗ (3 + 5)/4 = 2. ಸಮ. ಅಂದರೆ ಗಡಿ ಸರಿ.

ಈಗ ಒಂದು ಸುಲಭದ ಸಂಖ್ಯೆ ಹಾಕಿ. ಗಡಿ ಸೊನ್ನೆಯಲ್ಲದಿದ್ದರೆ ಸೊನ್ನೆಯಷ್ಟು ಸುಲಭದ್ದು ಇನ್ನೊಂದಿಲ್ಲ. ಯ = 0 ಆದರೆ 3/4 < 2, ಇದು ನಿಜ. ಹಾಗಾದರೆ ಸೊನ್ನೆ ಉತ್ತರದೊಳಗೆ ಇರಲೇಬೇಕು. ‘ಯ < −5’ ರಲ್ಲಿ ಸೊನ್ನೆ ಇಲ್ಲ. ದಿಕ್ಕು ತಪ್ಪಿದೆ, ಸರಿಯುತ್ತರ ಯ > −5.

ಋಣ ಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಏಕೆ ತಿರುಗುತ್ತದೆ ಎಂಬುದು ಮನಸ್ಸಿಗೆ ಇಳಿಯದಿದ್ದರೆ ಬೇಡದ ಕಡೆಯೂ ತಿರುಗಿಸುತ್ತೇವೆ. ಸಂಖ್ಯಾರೇಖೆಯಲ್ಲಿ 3 ಮತ್ತು 5 ಗುರುತಿಸಿ. 5 ಸೊನ್ನೆಯಿಂದ ಹೆಚ್ಚು ದೂರದಲ್ಲಿದೆ. −1ರಿಂದ ಗುಣಿಸುವುದೆಂದರೆ ಸೊನ್ನೆಯಲ್ಲಿ ಕನ್ನಡಿ ಇಟ್ಟಂತೆ: 3 ಹೋಗಿ −3, 5 ಹೋಗಿ −5. ದೂರದಲ್ಲಿದ್ದದ್ದು ದೂರದಲ್ಲೇ ಉಳಿಯಿತು, ಆದರೆ ಎಡಗಡೆ. ಎಡಕ್ಕೆ ಹೋದಷ್ಟೂ ಚಿಕ್ಕದು. ಹಾಗಾಗಿ 3 < 5 ಎಂಬುದು −3 > −5 ಆಯಿತು.

ಬೇಡದ ಕಡೆ ತಿರುಗಿಸುವುದೂ ಅಷ್ಟೇ ಸಾಮಾನ್ಯ. ಯ/3 > −4 ಎಂದಾಗ ಬಲಗಡೆಯ ಋಣ ಚಿಹ್ನೆ ಕಂಡ ಕೂಡಲೇ ಕೈ ತಾನಾಗಿ ‘ಯ < −12’ ಎಂದು ಬರೆಯುತ್ತದೆ. ನೀವು ಗುಣಿಸಿದ್ದು 3ರಿಂದ, ಅದು ಧನ ಸಂಖ್ಯೆ. ಚಿಹ್ನೆ ಹಾಗೆಯೇ ಇರಬೇಕು: ಯ > −12. ಸಾಲಿನಲ್ಲಿ ಎಲ್ಲೋ ಋಣ ಇದ್ದ ಮಾತ್ರಕ್ಕೆ ಚಿಹ್ನೆ ತಿರುಗುವುದಿಲ್ಲ, ಒಂದು ಪದವನ್ನು ಆಚೆ ಕಳಿಸಿದಾಗಲೂ ತಿರುಗುವುದಿಲ್ಲ. ಎರಡೂ ಬದಿಯನ್ನು ಯಾವ ಸಂಖ್ಯೆಯಿಂದ ಗುಣಿಸಿದೆ ಅಥವಾ ಭಾಗಿಸಿದೆ, ಆ ಸಂಖ್ಯೆ ಋಣವೇ? ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ.

ಛೇದವೇ ಋಣವಾಗಿದ್ದರೆ, ಉದಾಹರಣೆಗೆ ಯ/(−3) < 2 ಎಂದಿದ್ದರೆ, ಮೊದಲು ಋಣ ಚಿಹ್ನೆಯನ್ನು ಅಂಶಕ್ಕೆ, ಅಂದರೆ ಅಡ್ಡಗೆರೆಯ ಮೇಲಕ್ಕೆ, ಏರಿಸಿ: −ಯ/3 < 2. ಆಮೇಲೆ ಮುಂದುವರಿಯಿರಿ, ಯ > −6 ಬರುತ್ತದೆ. ಛೇದಗಳ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಯಾವಾಗಲೂ ಧನವೇ ಇರಲಿ.

ಚಿಹ್ನೆ ತಿರುಗಿಸುವ ಗೊಡವೆಯೇ ಬೇಡವೆನಿಸಿದರೆ ಯ ಇರುವ ಪದವನ್ನೇ ಆಚೆ ಕಳಿಸಿ: 3 − ಯ < 8 ಎಂಬುದು 3 − 8 < ಯ, ಅಂದರೆ −5 < ಯ. ನನಗೆ ಇದೇ ಹೆಚ್ಚು ಇಷ್ಟ. ಆದರೆ ಇದರಲ್ಲಿ ಒಂದು ಹಳ್ಳವಿದೆ. −5 < ಯ ಎಂಬುದನ್ನು ಯ ಮೊದಲು ಬರುವಂತೆ ಬರೆಯುವಾಗ ಬದಿಗಳನ್ನಷ್ಟೇ ಅದಲು ಬದಲು ಮಾಡಿ, ಚಿಹ್ನೆಯನ್ನು ಹಾಗೇ ಬಿಟ್ಟು, ‘ಯ < −5’ ಎಂದು ಮುಗಿಸುವವರು ಬಹಳ ಮಂದಿ. ಚಿಹ್ನೆಯ ತೆರೆದ ಬಾಯಿ ದೊಡ್ಡದರ ಕಡೆಗಿರುತ್ತದೆ. ಬದಿ ಬದಲಾದರೂ ಬಾಯಿ ಯ ಕಡೆಗೇ ತೆರೆದಿರಬೇಕು.

ಲಕ್ಷಣ: ಎಲ್ಲ ಸರಿ, ಗಡಿಯ ಒಂದು ಸಂಖ್ಯೆಯ ಬಗ್ಗೆ ಮಾತ್ರ ತಕರಾರು

< ಮತ್ತು > ಚಿಹ್ನೆಗಳು ಇಂಗ್ಲೆಂಡಿನ ಗಣಿತಜ್ಞ ತಾಮಸ್ ಹ್ಯಾರಿಯಟ್‌ನ ಬರಹದಿಂದ ಬಂದವು, 1631ರಲ್ಲಿ ಅಚ್ಚಾದವು. ‘ಅಥವಾ ಸಮ’ ಎಂದು ಸೂಚಿಸುವ ಕೆಳಗೆರೆ ಸೇರಿದ್ದು ಫ್ರಾನ್ಸಿನ ಗಣಿತಜ್ಞ ಪಿಯರ್ ಬೂಗೇರ್‌ನಿಂದ, 1734ರಲ್ಲಿ, ಅಂದರೆ ನೂರು ವರ್ಷ ದಾಟಿದ ಮೇಲೆ. ಆ ಸಣ್ಣ ಗೆರೆ ಈಗಲೂ ಬರೆಯುವವರ ಕೈಯಿಂದ ಮೊದಲು ಜಾರುವಂಥದ್ದು. ಪ್ರಶ್ನೆಯಲ್ಲಿ ≤ ಇದ್ದರೆ ಕೊನೆಯ ಸಾಲಿನವರೆಗೂ ಗೆರೆ ಉಳಿಯಬೇಕು, ಚಿಹ್ನೆ ತಿರುಗಿದರೂ ಉಳಿಯಬೇಕು. ಸಂಖ್ಯಾರೇಖೆಯಲ್ಲಿ ಗಡಿ ಸೇರಿದ್ದರೆ ತುಂಬಿದ ವೃತ್ತ, ಸೇರದಿದ್ದರೆ ಖಾಲಿ ವೃತ್ತ.

ಯ ಸ್ವಾಭಾವಿಕ ಸಂಖ್ಯೆ ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ, ಯ < 22/5 ಎಂದು ಬಿಟ್ಟರೆ ಅದು ಅಪೂರ್ಣ. ಉತ್ತರ 1, 2, 3, 4.

ಲಕ್ಷಣ: ಗಡಿಯೇ ಹೊಂದುವುದಿಲ್ಲ

ಭಿನ್ನರಾಶಿಯ ನಿಜವಾದ ತೊಂದರೆಗಳಿರುವುದು ಇಲ್ಲಿ. ಒಂದೇ ಲೆಕ್ಕವನ್ನು ಹತ್ತಿರದಿಂದ ನೋಡೋಣ:

(2ಯ − 1)/3 − (ಯ + 2)/4 ≥ 5

ಛೇದಗಳು 3 ಮತ್ತು 4, ಲ.ಸಾ.ಅ. 12. ಸರಿಯಾದ ದಾರಿ ಹೀಗೆ:

4(2ಯ − 1) − 3(ಯ + 2) ≥ 60
8ಯ − 4 − 3ಯ − 6 ≥ 60
5ಯ ≥ 70
ಯ ≥ 14

ತಾಳೆ: 27/3 − 16/4 = 9 − 4 = 5. ಸರಿ.

ಈ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಕಾಣುವ ಮೂರು ತಪ್ಪು ಉತ್ತರಗಳು: ಯ ≥ 3, ಯ ≥ 11.6, ಯ ≥ 12.6. ಮೂರನ್ನೂ ಗಡಿ ಪರೀಕ್ಷೆಗೆ ಒಡ್ಡೋಣ. ಎಡಭಾಗ 5 ಬರಬೇಕಾದಲ್ಲಿ ಎಷ್ಟು ಬಂತು, ಎಷ್ಟು ಕಡಿಮೆ ಬಿತ್ತು ಎಂದು ನೋಡಿ, ಆ ಕೊರತೆಯನ್ನು ಲ.ಸಾ.ಅ. 12ರಿಂದ ಗುಣಿಸಿ. ಹೀಗೆ ಬರುವ ಸಂಖ್ಯೆ, ಛೇದ ತೆಗೆದ ನಂತರದ ಸಾಲುಗಳಲ್ಲಿ ನೀವು ಎಷ್ಟು ತಪ್ಪಿಸಿದ್ದೀರಿ ಎಂಬುದನ್ನು ನೇರವಾಗಿ ಹೇಳುತ್ತದೆ.

ಯ = 3 ಹಾಕಿದರೆ 5/3 − 5/4 = 5/12. ಕೊರತೆ 55/12, ಹನ್ನೆರಡರಿಂದ ಗುಣಿಸಿದರೆ 55. ಅರವತ್ತು ಇರಬೇಕಾದಲ್ಲಿ ಐದೇ ಉಳಿದಾಗ ಬರುವ ವ್ಯತ್ಯಾಸ ಇದು. ಅಂದರೆ ಭಿನ್ನರಾಶಿಗಳನ್ನು ಮಾತ್ರ 12ರಿಂದ ಗುಣಿಸಿ, ಬಲಗಡೆಯ ಪೂರ್ಣಸಂಖ್ಯೆ 5ನ್ನು ಹಾಗೆಯೇ ಬಿಡಲಾಗಿದೆ. ಅದಕ್ಕೆ ಛೇದ ಇಲ್ಲವಲ್ಲ, ಗುಣಿಸುವುದೇಕೆ ಎಂದು ಕೈ ಹಿಂಜರಿಯುತ್ತದೆ. ಗುಣಿಸುವುದು ಛೇದವನ್ನಲ್ಲ, ಎರಡೂ ಬದಿಯನ್ನು. 5 ಎಂಬುದು 5/1 ಎಂದು ಬರೆದುಕೊಂಡರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಯ = 11.6 ಹಾಕಿದರೆ 22.2/3 − 13.6/4 = 7.4 − 3.4 = 4. ಕೊರತೆ 1, ಗುಣಿಸಿದರೆ 12. ನಮ್ಮ ಸಾಲಿನಲ್ಲಿ 12 ಎಲ್ಲಿಂದ ಬಂತು? ಅದರ ಅರ್ಧ 6. −6 ಇರಬೇಕಾದಲ್ಲಿ +6 ಬರೆದರೆ ವ್ಯತ್ಯಾಸ 12. ಎರಡನೇ ಭಿನ್ನರಾಶಿಯ ಮುಂದಿನ ಋಣ ಚಿಹ್ನೆ ಆವರಣದ ಮೊದಲ ಪದಕ್ಕೆ ಮಾತ್ರ ತಗಲಿದೆ, ಎರಡನೆಯದಕ್ಕೆ ತಲುಪಿಲ್ಲ: −3ಯ + 6 ಎಂದಾಗಿದೆ. ಕೊರತೆಯ ಗುಣಲಬ್ಧ ಯಾವುದಾದರೂ ಪದದ ಇಮ್ಮಡಿಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಪದದ ಚಿಹ್ನೆಯನ್ನೇ.

ಯ = 12.6 ಎಂದರೆ 63/5. ಹಾಕಿದರೆ 121/15 − 73/20 = 53/12. ಕೊರತೆ 7/12, ಗುಣಿಸಿದರೆ 7. ಸರಿಯಾದ ಸಾಲಿನಲ್ಲಿ −4 ಮತ್ತು −6, ಒಟ್ಟು −10. ಇಲ್ಲಿ −1 ಮತ್ತು −2, ಒಟ್ಟು −3. ವ್ಯತ್ಯಾಸ ಸರಿಯಾಗಿ 7. ಆವರಣದ ಹೊರಗಿನ 4 ಮತ್ತು 3 ಒಳಗಿನ ಮೊದಲ ಪದವನ್ನಷ್ಟೇ ಗುಣಿಸಿವೆ.

ಕೊನೆಯ ಎರಡು ತಪ್ಪುಗಳ ಬೇರು ಒಂದೇ. ಭಿನ್ನರಾಶಿಯ ಅಡ್ಡಗೆರೆ ಬರೀ ಭಾಗಾಕಾರದ ಗುರುತಲ್ಲ, ಅದು ಮೇಲಿರುವುದನ್ನೆಲ್ಲ ಕಟ್ಟಿ ಹಿಡಿದ ಆವರಣವೂ ಹೌದು. ಛೇದ ಹೊಡೆದುಹಾಕಿದ ಕ್ಷಣ ಗೆರೆ ಹೋಗುತ್ತದೆ, ಕಟ್ಟು ಬಿಚ್ಚುತ್ತದೆ. ಅದರ ಜಾಗದಲ್ಲಿ ನೀವೇ ಆವರಣ ಹಾಕದಿದ್ದರೆ ಅಂಶದ ಎರಡನೇ ಪದ ಅನಾಥವಾಗುತ್ತದೆ. ಆದ್ದರಿಂದ, ಛೇದ ತೆಗೆಯುವುದಕ್ಕೆ ಮೊದಲೇ ಪ್ರತಿ ಅಂಶದ ಸುತ್ತ ಆವರಣ ಬರೆಯಿರಿ. ಛೇದ ತೆಗೆಯುವ ಸಾಲು ಬೇರೆ, ಆವರಣ ಬಿಡಿಸುವ ಸಾಲು ಬೇರೆ ಇರಲಿ. ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸುವ ಅವಸರದಿಂದಲೇ ಹೆಚ್ಚಿನ ಅಂಕ ಹೋಗುತ್ತದೆ.

ಕೊರತೆಯ ಗುಣಲಬ್ಧ ಯಾವ ಬಿಡಿ ಸಂಖ್ಯೆಯೊಂದಿಗೂ ತಾಳೆಯಾಗದಿದ್ದರೆ ತಪ್ಪು ಯ ಇರುವ ಪದದಲ್ಲಿ ಇರಬಹುದು, ಅಥವಾ ಒಂದಕ್ಕಿಂತ ಹೆಚ್ಚು ತಪ್ಪುಗಳು ಸೇರಿರಬಹುದು. ಆಗ ಸ್ವಲ್ಪ ಹೆಚ್ಚು ಶ್ರಮದ ಪರೀಕ್ಷೆ ಬೇಕು. ಒಂದು ಸುಲಭದ ಸಂಖ್ಯೆ ಆರಿಸಿ, ಪ್ರತಿ ಸಾಲಿಗೂ ಹಾಕುತ್ತಾ ಇಳಿಯಿರಿ. ಯ = 2 ಎಂದರೆ ಮೂಲ ಪ್ರಶ್ನೆಯ ಎಡಭಾಗ 1 − 1 = 0. ಮುಂದಿನ ಸಾಲು 4 × 3 − 3 × 4 = 0. ಅದರ ಮುಂದಿನದು 16 − 4 − 6 − 6 = 0. ಸರಿಯಿದೆ. ‘8ಯ − 1 − 3ಯ − 2’ ಎಂದು ಬರೆದವರಿಗೆ ಇಲ್ಲಿ 16 − 1 − 6 − 2 = 7 ಬರುತ್ತದೆ. ಸೊನ್ನೆ ಏಳಾದ ಸಾಲೇ ತಪ್ಪಿದ ಸಾಲು. ಲ.ಸಾ.ಅ.ದಿಂದ ಗುಣಿಸಿದ ಸಾಲಿನಲ್ಲಿ ಎರಡೂ ಬದಿಯ ಬೆಲೆ ಅಷ್ಟು ಪಟ್ಟಾಗಬೇಕು, ಆವರಣ ಬಿಡಿಸುವಾಗ ಬೆಲೆ ಬದಲಾಗಬಾರದು, ಪದಗಳನ್ನು ಆಚೀಚೆ ಕಳಿಸಿದಾಗ ಎಡಭಾಗದಿಂದ ಬಲಭಾಗ ಕಳೆದರೆ ಬರುವ ವ್ಯತ್ಯಾಸ ಬದಲಾಗಬಾರದು.

ಲ.ಸಾ.ಅ. ಬದಲು ಬೇರೆ ದೊಡ್ಡ ಸಾಮಾನ್ಯ ಅಪವರ್ತ್ಯ, 24ರಂತಹದ್ದು, ತೆಗೆದುಕೊಂಡಿದ್ದರೆ ಅದು ತಪ್ಪಲ್ಲ. ಅಂಕಿಗಳು ದಪ್ಪವಾಗುತ್ತವೆ ಅಷ್ಟೇ. ಕೊರತೆಯನ್ನೂ ಆಗ 24ರಿಂದಲೇ ಗುಣಿಸಿ ನೋಡಿ.

ಕೊನೆಯ ಹೆಜ್ಜೆಯನ್ನೂ ಒಮ್ಮೆ ನೋಡಿ. (3/4)ಯ > 6 ಎಂಬಲ್ಲಿ ಗುಣಿಸಬೇಕಾದದ್ದು 4/3ರಿಂದ, ಯ > 8. ಉತ್ತರ 9/2 ಬಂದಿದ್ದರೆ ವ್ಯುತ್ಕ್ರಮ ಮಾಡುವುದು, ಅಂದರೆ ಭಿನ್ನರಾಶಿಯನ್ನು ತಲೆಕೆಳಗು ಮಾಡುವುದು, ಮರೆತಿದೆ.

ಲಕ್ಷಣ: ಯ ಕಾಣೆಯಾಯಿತು

(2ಯ + 1)/4 − ಯ/2 < 1 ಎಂಬುದನ್ನು 4ರಿಂದ ಗುಣಿಸಿದರೆ 2ಯ + 1 − 2ಯ < 4, ಅಂದರೆ 1 < 4. ಯ ಎಲ್ಲಿ ಹೋಯಿತು ಎಂದು ಗಾಬರಿಯಾಗಬೇಡಿ. ಉಳಿದ ಮಾತು ನಿಜವಾದ್ದರಿಂದ ಎಲ್ಲ ಸಂಖ್ಯೆಗಳೂ ಪರಿಹಾರವೇ. ಪ್ರಶ್ನೆಯಲ್ಲಿ > ಇದ್ದು 1 > 4 ಎಂದು ಉಳಿದಿದ್ದರೆ ಪರಿಹಾರವೇ ಇಲ್ಲ. ಖಚಿತಪಡಿಸಿಕೊಳ್ಳಲು ಮೂಲ ಪ್ರಶ್ನೆಗೆ 0 ಮತ್ತು 10 ಹಾಕಿ. ಎರಡರಲ್ಲೂ ಎಡಭಾಗ 1/4 ಬರುತ್ತದೆ.

ಲಕ್ಷಣ: ಒಂದೇ ಸಾಲಿನಲ್ಲಿ ಎರಡು ಚಿಹ್ನೆ, ಒಂದು ಗಡಿ ಸರಿ, ಇನ್ನೊಂದು ತಪ್ಪು

−1 ≤ (3 − 2ಯ)/5 < 3 ಎಂಬಂಥದ್ದರಲ್ಲಿ ಬದಿಗಳು ಎರಡಲ್ಲ, ಮೂರು. 5ರಿಂದ ಮೂರನ್ನೂ ಗುಣಿಸಬೇಕು: −5 ≤ 3 − 2ಯ < 15. ಮೂರರಿಂದಲೂ 3 ಕಳೆಯಬೇಕು: −8 ≤ −2ಯ < 12. −2ರಿಂದ ಭಾಗಿಸುವಾಗ ಎರಡೂ ಚಿಹ್ನೆ ತಿರುಗಬೇಕು: 4 ≥ ಯ > −6. ಒಂದು ಗಡಿ ಮಾತ್ರ ಹೊಂದದಿದ್ದರೆ ಆ ತುದಿಯನ್ನು ಗುಣಿಸುವುದೋ ಕಳೆಯುವುದೋ ಬಿಟ್ಟುಹೋಗಿದೆ.

ಚಿಕ್ಕದು ಮೊದಲು ಬರುವಂತೆ ತಿರುಗಿಸಿ ಬರೆದಾಗ −6 < ಯ ≤ 4. ಸಮದ ಗೆರೆ 4ರ ಜೊತೆಯಲ್ಲೇ ಸಾಗಬೇಕು, ಮೊದಲ ಸ್ಥಾನದಲ್ಲೇ ಕೂರಬಾರದು.

ಲಕ್ಷಣ: ಗಡಿ ಸರಿ, ಗಡಿಯ ಆಸುಪಾಸಿನ ದಿಕ್ಕೂ ಸರಿ, ಆದರೂ ಉತ್ತರ ತಪ್ಪು

ಛೇದದಲ್ಲಿ ಯ ಇರುವ ಲೆಕ್ಕಗಳು ಇವು, ಅಪಾಯದ ಜಾಗ. (ಯ + 1)/(ಯ − 2) > 3 ಎಂಬ ಪ್ರಶ್ನೆಗೆ ಓರೆ ಗುಣಾಕಾರ ಮಾಡಿದರೆ, ಅಂದರೆ ಒಂದು ಬದಿಯ ಛೇದದಿಂದ ಇನ್ನೊಂದು ಬದಿಯನ್ನು ಗುಣಿಸಿದರೆ, ಯ + 1 > 3ಯ − 6, ಅಂದರೆ ಯ < 3.5. ಗಡಿ ಹಾಕಿ: 4.5/1.5 = 3, ಸರಿಯಾಗಿದೆ. ಯ = 3 ಹಾಕಿ: 4 > 3, ಅದೂ ಸರಿ. ಆದರೆ ಯ = 0 ಹಾಕಿದರೆ −1/2 > 3, ಇದು ಸುಳ್ಳು. ಸೊನ್ನೆ ನಮ್ಮ ಉತ್ತರದೊಳಗೇ ಇದೆಯಲ್ಲ!

ಕಾರಣ: ಯ − 2 ಧನವೋ ಋಣವೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಚಿಹ್ನೆಯ ರಾಶಿಯಿಂದ ಗುಣಿಸಿದರೆ ಅಸಮತೆಯ ಚಿಹ್ನೆ ತಿರುಗಬೇಕೋ ಬೇಡವೋ ಎಂದು ಹೇಳಲಾಗದು. ಎರಡು ಸಂದರ್ಭ ಮಾಡಿಕೊಳ್ಳಬೇಕು. ಯ > 2 ಆದರೆ ಛೇದ ಧನ, ಯ < 3.5 ಬರುತ್ತದೆ. ಎರಡೂ ಸೇರಿ 2 < ಯ < 3.5. ಯ < 2 ಆದರೆ ಛೇದ ಋಣ, ಚಿಹ್ನೆ ತಿರುಗಿ ಯ > 3.5 ಬರುತ್ತದೆ. ಎರಡಕ್ಕಿಂತ ಚಿಕ್ಕದೂ ಮೂರೂವರೆಗಿಂತ ದೊಡ್ಡದೂ ಆದ ಸಂಖ್ಯೆ ಇಲ್ಲ. ಆದ್ದರಿಂದ ಉತ್ತರ 2 < ಯ < 3.5. ಯ = 2 ಎಂದೂ ಸೇರುವುದಿಲ್ಲ, ಛೇದ ಸೊನ್ನೆಯಾಗುತ್ತದೆ.

ಓರೆ ಗುಣಾಕಾರವನ್ನು ಅಸಮತೆಯಲ್ಲಿ ಬಳಸುವುದೇ ಆದರೆ ಎರಡೂ ಛೇದಗಳು ಧನ ಸಂಖ್ಯೆಗಳು ಎಂದು ಖಚಿತವಿದ್ದಾಗ ಮಾತ್ರ. ಯ ಮುಂದೆ ಅಂಕಿಯ ಬದಲು ಇನ್ನೊಂದು ಅಕ್ಷರವಿದ್ದು, ಅದರಿಂದ ಭಾಗಿಸಬೇಕಾದಾಗಲೂ ಇದೇ ಎಚ್ಚರ ಬೇಕು.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಒಂದೇ ಲೆಕ್ಕದ ಮೇಲೆ ಸಾಲು ಸಾಲಾಗಿ ಪರೀಕ್ಷೆ ಮಾಡಿಯೂ ತಪ್ಪಿದ ಸಾಲು ಸಿಗದಿದ್ದರೆ ಅಲ್ಲಿಗೆ ಬಿಡಿ. ದಣಿದ ಕಣ್ಣು ತಾನು ಬರೆದದ್ದನ್ನು ಓದುವುದಿಲ್ಲ, ಬರೆದಿದ್ದೇನೆ ಎಂದುಕೊಂಡದ್ದನ್ನು ಓದುತ್ತದೆ. ಬೇರೆಯವರಿಗೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿ.

1/3 ಮತ್ತು 1/4 ಕೂಡಿಸುವುದರಲ್ಲೇ ತಡವರಿಕೆಯಿದ್ದರೆ ಅಸಮತೆಯನ್ನು ಬದಿಗಿಟ್ಟು ಎರಡು ದಿನ ಬರೀ ಭಿನ್ನರಾಶಿ ಅಭ್ಯಾಸ ಮಾಡಿ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಗಡಿ ಪರೀಕ್ಷೆ, ಗಡಿಯ ಎರಡೂ ಬದಿಯ ಸಂಖ್ಯೆಗಳ ಪರೀಕ್ಷೆ ಎಲ್ಲ ಸರಿಯಾಗಿದ್ದು ಪುಸ್ತಕದ ಉತ್ತರ ಮಾತ್ರ ಬೇರೆಯಿದ್ದರೆ, ನಿಮ್ಮದನ್ನು ಹೊಡೆದುಹಾಕಬೇಡಿ. ಅದೇ ಉತ್ತರವನ್ನು ಅಲ್ಲಿ ಬೇರೆ ರೂಪದಲ್ಲಿ ಬರೆದಿರಬಹುದು, 14 ≤ ಯ ಎಂಬಂತೆ. ಅಚ್ಚಿನ ತಪ್ಪೂ ಇರಬಹುದು. ಪ್ರಶ್ನೆ, ನಿಮ್ಮ ಸಾಲುಗಳು, ತಾಳೆ ನೋಡಿದ ಅಂಕಿಗಳು, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ನಿಮ್ಮ ಮೇಷ್ಟ್ರಿಗೋ ಟೀಚರ್‌ಗೋ ತೋರಿಸಿ.